ದೊಡ್ಡಮ್ಮ ಗೋಡೆ ಏರಿದ್ದು

ಈ ಬಂದರು ಊರಿನಲ್ಲಿ ಮನೆಗಳು ಒಂದರ ಮೈಮೇಲೊಂದು ಬಿದ್ದುಕೊಂಡಿವೆ. ಎದುರುಮನೆಯವರು ಸೀನಿದರೆ ಇತ್ತ ಕಿಟಕಿ ಮುಚ್ಚಬೇಕು. ಮೆಟ್ಟಿಲುಗಳಂತೂ ಒಬ್ಬರು ಇಳಿಯುವಾಗ ಇನ್ನೊಬ್ಬರು ಕಾಯಬೇಕಾದಷ್ಟು ಇಕ್ಕಟ್ಟು. ಹಾಗಾಗಿ ಮಂಚ, ಬೀರುಗಳೆಲ್ಲ ಮನೆ ಸೇರುವುದು ಕಿಟಕಿಯಿಂದಲೇ. ತಾರಸಿಯಿಂದ ತೊಲೆ ಚಾಚಿ, ರಾಟೆಗೆ ಹಗ್ಗ ಹಾಕಿ ಅವನ್ನು ಏರಿಸುವುದರಲ್ಲಿ ಹಗ್ಗದಕ್ಕ ಎತ್ತಿದ ಕೈ. ಅಪ್ಪನಿಂದ ಬಂದ ಕಸುಬು. ಜೀವ ಇರುವುದನ್ನು ಹಗ್ಗಕ್ಕೆ ಕಟ್ಟಬಾರದು ಎಂದವನೂ ಅಪ್ಪನೇ. ಒಮ್ಮೆ ಯಾರೋ ಮೇಕೆ ತಂದು ಗೋಗರೆದಾಗ ಜಪ್ಪಯ್ಯ ಅಂದರೂ ಅವಳು ಒಪ್ಪಿರಲಿಲ್ಲ.

ಅವಳ ಅಮ್ಮ ಅದೇ ಬೀದಿಯ ಐದನೆಯ ಮಹಡಿಯಲ್ಲಿದ್ದಳು. ಸಮನೆಲದಲ್ಲಿ ನಡೆದಾಳು, ಮೆಟ್ಟಿಲೆಂದರೆ ಮಂಡಿ ಕೈಕೊಡುತ್ತಿತ್ತು. ಹೊತ್ತು ಇಳಿಸೋಣವೆಂದರೆ ತಿರುವಿನಲ್ಲಿ ಇಬ್ಬರು ಹಿಡಿಸುವುದಿಲ್ಲ. ಕೆಳಗಿಳಿದು ವರ್ಷಗಳೇ ಆಗಿದ್ದವು. "ಬೀರುವಿಗಿರೋ ಭಾಗ್ಯ ನನಗಿಲ್ಲ" ಎಂದು ನಗುತ್ತಿದ್ದಳು. ಮಗಳೂ ಜೊತೆಗೆ ನಗುತ್ತಿದ್ದಳು.

ಆ ದಿನ ಅಮ್ಮನ ಅಕ್ಕ ಹಡಗಿನಿಂದ ಇಳಿದಳು. ಸಂಜೆಗೇ ಹಡಗು ಮುಂದಕ್ಕೆ ಹೊರಡುವುದಿತ್ತು. ಮದುವೆಯಾಗಿ ದೂರದೇಶಕ್ಕೆ ಹೋದವಳು ತಂಗಿಯ ಮುಖವನ್ನು ಆಮೇಲೆ ನೋಡಿಯೇ ಇರಲಿಲ್ಲ. ಆದರೆ ಅವಳ ಮಂಡಿಯೂ ಅದೇ ವಂಶದ್ದು ತಾನೇ! ಮೂರನೇ ಮೆಟ್ಟಿಲಿಗೇ ಕೂತುಬಿಟ್ಟಳು.

"ಬೀರು ಏರಿಸ್ತೀಯಂತೆ. ನಾನೇನು ಬೀರುವಿಗಿಂತ ಭಾರ ಇದೀನಾ?"

"ಬೀರು ಬಿದ್ರೆ ಇನ್ನೊಂದು ತರಬಹುದು ದೊಡ್ಡಮ್ಮ."

"ಹಾಗಾದ್ರೆ ಬೀಳಿಸಬೇಡ. ನಿನ್ನ ಕೈಮೇಲೆ ನಿನಗೇ ನಂಬಿಕೆ ಇಲ್ವೇನೇ?"

ಮಾತು ನಾಟಿತು. ನಂಬಿಕೆ ಬೇಕಾದಷ್ಟಿತ್ತು, ಅದನ್ನು ಜೀವದ ಮೇಲೆ ಹೂಡಿರಲಿಲ್ಲ ಅಷ್ಟೇ. ಕೈಗಳಿದ್ದ ಗಟ್ಟಿ ಕುರ್ಚಿಗೆ ಹಗ್ಗ ಬಿಗಿದು, ಮೊದಲು ತಾನೇ ಕೂತು ಮೇಲೆ ಹೋಗಿ ಇಳಿದಳು. ಆಮೇಲೆ ಗಂಡನನ್ನು ಮೇಲಿನ ಕಿಟಕಿಗೆ ಅಟ್ಟಿ, ದೊಡ್ಡಮ್ಮನ ಸೊಂಟಕ್ಕೆ ಇನ್ನೊಂದು ಹಗ್ಗ ಸುತ್ತಿ, ಹೆದರದಿರಲೆಂದು ಮುಖ ಗೋಡೆಗೆ ತಿರುಗಿಸಿ, ಆಳುಗಳ ಜೊತೆ ಎಳೆದಳು.

ಮೊದಲ ಮಹಡಿಯಲ್ಲೇ ಕೂಗು: "ಸಮುದ್ರ ದಾಟಿ ಬಂದದ್ದು ಸುಣ್ಣ ನೋಡೋಕಾ? ತಿರುಗಿಸೇ!"

ತಿರುಗಿಸಿದಳು. ದೊಡ್ಡಮ್ಮ ಮಹಾರಾಣಿಯಂತೆ ಊರು ನೋಡುತ್ತ ಏರಿದಳು. ಎದುರು ಕಿಟಕಿಯಲ್ಲಿ ಒಬ್ಬ ಅರ್ಧ ಗಡ್ಡ ಕೆರೆದು ಬೆಪ್ಪಾಗಿ ನಿಂತಿದ್ದ. ಅದರ ಮೇಲಿನ ಮನೆಯಲ್ಲಿ ಸೊಸೆ ತೊಳೆದ ಪಾತ್ರೆಯನ್ನು ಅತ್ತೆ ಮತ್ತೆ ತೊಳೆಯುತ್ತಿದ್ದಳು.

"ಇಷ್ಟು ಹತ್ತಿರ ಇದ್ದು ಜಗಳ ಹೇಗಮ್ಮ ಆಡ್ತೀರಿ?"

"ಪಿಸುಮಾತಲ್ಲಿ!" ಎಂದಳು ಸೊಸೆ.

ಇನ್ನೂ ಮೇಲೆ ಹೋದಂತೆ ತಾರಸಿಗಳ ಸಂದಿನಲ್ಲಿ ಕ್ರೇನುಗಳು, ಹಡಗುಗಳು, ಒಂದು ಪಟ್ಟಿಯಷ್ಟು ಕಡಲು. ಐದನೆಯ ಮಹಡಿಯಲ್ಲಿ ಎರಡು ಕೈಗಳು ಚಾಚಿದವು. ದೊಡ್ಡಮ್ಮ ಒಳಗೆ ಹೋದಳು. ಆಮೇಲೆ ಕೇಳಿಸಿದ್ದು ಅಳುವೋ ನಗುವೋ, ಕೆಳಗಿದ್ದವರಿಗೆ ತಿಳಿಯಲಿಲ್ಲ.

ಹೊತ್ತು ಇಳಿಯಿತು. "ದೊಡ್ಡಮ್ಮನ್ನ ಇಳಿಸ್ರಿ, ಹಡಗಿಗೆ ಹೊತ್ತಾಯ್ತು!" ಎಂದು ಹಗ್ಗದಕ್ಕ ಗಂಡನಿಗೆ ಕೂಗಿದಳು. ಕುರ್ಚಿ ಹೊರಗೆ ತೂಗಿತು. ಕೂತಿದ್ದವಳು ಅಮ್ಮ.

"ಮೊದಲು ನಾನು. ಅಕ್ಕನ್ನ ಹಡಗಿನ ತನಕ ಕಳಿಸಿ ಬರ್ತೀನಿ."

ಅಮ್ಮನ ಸೊಂಟದ ಗಂಟು ಬಿಗಿಯಾಗಿದೆಯಾ ಎಂದು ಹಗ್ಗದಕ್ಕ ಗಂಡನನ್ನು ಎರಡೆರಡು ಸಲ ಕೇಳಿದಳು. ಇಂಚಿಂಚಾಗಿ ಹಗ್ಗ ಬಿಟ್ಟಳು. ಅಮ್ಮ ಕುರ್ಚಿಯಿಂದ ಎದ್ದು ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ ಒತ್ತಿ ನೋಡಿದಳು. ಸೊಂಟದ ಗಂಟು ಬಿಚ್ಚುತ್ತಿದ್ದ ಮಗಳ ಕಿವಿಯ ಹತ್ತಿರ ಮೆಲ್ಲಗೆ ಕೇಳಿದಳು:

"ನಾಳೆನೂ ಇಳಿಸ್ತೀಯಾ?"