ನನ್ನ ನೆಗೆಣ್ಣಿ ಚೆಂಡು ಹೊಡೆಯುವ ಬೆಟ್ಟಗಳು

ಬೆಳಿಗ್ಗೆ ನಾನು ಜೋಳದ ರೊಟ್ಟಿ ಬಡಿಯುವ ಹೊತ್ತಿಗೇ ಬರಬೇಕೆಂದು ಅವಳ ಫೋಟೊಗಳು ಹರಕೆ ಹೊತ್ತಿದ್ದವೋ ಏನೋ, ತಪ್ಪದೆ ಆಗಲೇ ಬರುತ್ತಿದ್ದವು. ಹಂಚಿನ ಮೇಲೆ ಒಂದು ರೊಟ್ಟಿ, ಹಿಟ್ಟು ನಾದುವ ಕೊಣಮಿಗೆಯಲ್ಲಿ ಇನ್ನೊಂದಕ್ಕಾಗುವಷ್ಟು ಹಿಟ್ಟು, ಕಿಟಕಿಯ ಕಟ್ಟೆಯ ಮೇಲೆ ಫೋನು. ಅದು ಒಮ್ಮೆ ಮಿನುಗಿತೆಂದರೆ ನನ್ನ ಕೈ ನಿಲ್ಲುವುದುಂಟೇ? ಹಿಟ್ಟು ಮೆತ್ತಿದ ಕಿರುಬೆರಳಿನಿಂದಲೇ ತೆರೆದು ನೋಡುತ್ತಿದ್ದೆ. ನೋಡಿದರೆ ಹಸಿರು, ಹಸಿರಿನಾಚೆ ಬೆಟ್ಟ, ಬೆಟ್ಟದಾಚೆ ಇನ್ನೊಂದು ನೀಲಿ ಬೆಟ್ಟ, ಎಲ್ಲದರ ಮುಂದೆ ಬಿಳಿ ಟೊಪ್ಪಿಗೆ ಹಾಕಿಕೊಂಡು, ಉದ್ದನೆಯ ಕೋಲಿಗೆ ಆತು ನಿಂತು ನಗುತ್ತಿರುವ ನನ್ನ ನೆಗೆಣ್ಣಿ ಗಂಗಾ. ಅಷ್ಟರಲ್ಲಿ ಅಡಿಗೆಮನೆಯೆಲ್ಲ ಹೊಗೆ. "ಏನ ಸುಡಾಕತ್ತದ?" ಎಂದು ನಮ್ಮವರು ಪಡಸಾಲೆಯಿಂದ ಕೂಗುತ್ತಿದ್ದರು. "ರೊಟ್ಟಿ" ಎನ್ನುತ್ತಿದ್ದೆ. ಅದು ಅರ್ಧ ಮಾತ್ರ ಖರೆ.

ನೆಗೆಣ್ಣಿಯೆಂದರೆ ಗಂಡನ ತಮ್ಮನ ಹೆಂಡತಿ ಎಂದು ಅರ್ಥ ಹೇಳಿಬಿಡಬಹುದು. ಆದರೆ ಆ ಸಂಬಂಧದ ಕಾವು ಅರ್ಥ ಹೇಳಿದರೆ ತಿಳಿಯುವಂಥದಲ್ಲ. ಒಂದೇ ಅಂಗಡಿಯಲ್ಲಿ, ಒಂದೇ ದಿವಸ, ಒಂದೇ ದರದ ಎರಡು ಸೀರೆ ತಂದು ಅತ್ತೆ ಕೈಗಿತ್ತರೂ ಅವಳ ಪಾಲಿಗೆ ಬಂದ ಸೀರೆಯ ಸೆರಗೇ ಚೆಂದ ಕಾಣುವ ಸಂಬಂಧ ಅದು. ನಾನು ಹಿರಿಯವಳು, ಹುಮನಾಬಾದಿನಲ್ಲಿ ನಮ್ಮ ಭಾಂಡೆ ಅಂಗಡಿಯಿದೆ. ಲಗ್ನದ ಹಂಗಾಮಿನಲ್ಲಿ ಕೊಡ, ತಂಬಿಗೆ, ಪರಾತಗಳ ನಡುವೆ ನಾನೂ ಒಂದು ಪಾತ್ರೆಯಂತೆ ಕೂತಿರುತ್ತೇನೆ. ಗಂಗಾ ಮಂಠಾಳದ ಒಕ್ಕಲುತನದ ಮನೆಯ ಹುಡುಗಿ. ಅವಳ ಗಂಡ, ಎಂದರೆ ನನ್ನ ಮೈದುನ ಶರಣಪ್ಪ, ಸೈನ್ಯದಲ್ಲಿ ಡಾಕ್ಟರನಾದ. ಅವನ ಬೆನ್ನು ಹತ್ತಿ ಅವಳು ಊರೂರು ಬೆಟ್ಟ ಸುತ್ತಿದಳು, ನಾನು ಗಲ್ಲಾ ಪೆಟ್ಟಿಗೆಯ ಸುತ್ತ ಸುತ್ತಿದೆ. ಈಗ ಅವರು ಬಸವಕಲ್ಯಾಣದಲ್ಲಿ ಮನೆ ಕಟ್ಟಿಸಿಕೊಂಡಿದ್ದಾರೆ, ಅವನು ದವಾಖಾನೆ ನಡೆಸುತ್ತಾನೆ.

ಗಾಲ್ಫ್ ಅವಳಿಗೆ ಅಂಟಿದ್ದು ಸೈನ್ಯದ ಬಂಗಲೆಗಳಲ್ಲಿ. ಮೊದಮೊದಲು ಅವಳಿಗೆ ಹಿಂದಿ ಹತ್ತುತ್ತಿರಲಿಲ್ಲವಂತೆ. ಉಳಿದ ಅಧಿಕಾರಿಗಳ ಹೆಂಡಂದಿರು ಚಹಾದ ಬಟ್ಟಲು ಹಿಡಿದು ಮಾತಿಗೆ ಕೂತರೆ ಇವಳಿಗೆ ಬಾಯಿ ತೆರೆಯಲು ನಾಚಿಕೆ. ಮಾತೇ ಬೇಡದ ಆಟವೊಂದಿದೆ ಎಂದು ಗೊತ್ತಾದದ್ದೇ ತಡ, ಕೋಲು ಹಿಡಿದು ಹೊರಬಿದ್ದಳು. ಹೇಳಿಕೇಳಿ ಚಿಣ್ಣಿದಾಂಡು ಆಡಿ ಬೆಳೆದ ಕೈ. ಒಂದು ಚಿಕ್ಕ ಬಿಳಿ ಚೆಂಡನ್ನು ಹೊಡೆದು, ಹುಲ್ಲಿನ ಮೇಲೆ ಅದರ ಹಿಂದೆ ನಡೆದು, ಮತ್ತೆ ಹೊಡೆದು, ದೂರದಲ್ಲಿ ಬಾವುಟ ನೆಟ್ಟ ಸಣ್ಣ ಕುಣಿಯೊಳಗೆ ಬೀಳಿಸಿದರಾಯಿತು. ಯಾರ ಸಂಗಡಲೂ ಒಂದು ಮಾತೂ ಬೇಕಿಲ್ಲ. ಸೈನ್ಯ ಬಿಟ್ಟ ಮೇಲೂ ಗಂಡಹೆಂಡತಿ ಈ ಚಟ ಬಿಡಲಿಲ್ಲ. ವರ್ಷಕ್ಕೊಮ್ಮೆ ಯಾವುದಾದರೂ ಬೆಟ್ಟದ ಊರಿಗೆ ಆಡಲೆಂದೇ ಹೋಗುತ್ತಿದ್ದರು, ನಾನು ಆ ವಾರವೆಲ್ಲ ರೊಟ್ಟಿ ಸುಡುತ್ತಿದ್ದೆ.

ಒಂದು ವರ್ಷ ಊಟಿ. ಅಲ್ಲಿಯ ಮೈದಾನ ಏರಿಳಿಯುವ ಹುಲ್ಲುದಿನ್ನೆಗಳ ಮೇಲೆ ಹರಡಿಕೊಂಡಿದೆ. ಆಡುತ್ತಿರುವಾಗಲೇ ಮಂಜು ಬಂದು ಎದುರಿನ ಬಾವುಟವನ್ನು ನುಂಗಿಬಿಟ್ಟರೆ ಅದು ಸರಿಯುವ ತನಕ ಸುಮ್ಮನೆ ನಿಲ್ಲಬೇಕಂತೆ, ಆ ಕಾಯುವುದೇ ಒಂದು ಸುಖವಂತೆ! ನಾನು ಬಸ್ ನಿಲ್ದಾಣದಲ್ಲಿ ಕಾದಿದ್ದೇನೆ, ರೇಶನ್ ಅಂಗಡಿಯ ಮುಂದೆ ಕಾದಿದ್ದೇನೆ, ಸುಖದ ಮಾತನ್ನು ನನಗೆ ಯಾರೂ ಹೇಳಲಿಲ್ಲ. ಇನ್ನೊಂದು ವರ್ಷ ಕೊಡೈಕೆನಾಲ್. ಅಲ್ಲಿ ಕಾಡುಕೋಣಗಳು ಮೈದಾನಕ್ಕೇ ಬಂದು ಹುಲ್ಲು ಮೇಯುತ್ತವೆ, ಅವು ತಾವಾಗಿ ಹೋಗುವವರೆಗೆ ಆಟ ಬಂದ್. "ಕ್ವಾಣ ಹಾಯ್ತಾವ, ಜ್ವಾಕಿ" ಎಂದು ಕಳಿಸಿದೆ. ಅವಳ ಮೇಲಿನ ಅಕ್ಕರೆ ಅದರಲ್ಲಿ ಎಷ್ಟಿತ್ತೋ, ಆ ಕೋಣದ ಮೇಲಿನ ಹೊಟ್ಟೆಕಿಚ್ಚು ಅಷ್ಟೇ ಇತ್ತು. ಅದಕ್ಕಾದರೂ ಆ ಹಸಿರಿನಲ್ಲಿ ತಿರುಗಲು ಯಾರ ಪರವಾನಗಿಯೂ ಬೇಕಿರಲಿಲ್ಲ. ಆಮೇಲೆ ಶಿಮ್ಲಾದಾಚೆಯ ನಾಲ್ದೇಹರಾ: ದೇವದಾರು ಮರಗಳ ನಡುವಿನ ಇಳಿಜಾರು, ಒಂದು ಕುಣಿ ಮೇಲಿದ್ದರೆ ಇನ್ನೊಂದು ಎಲ್ಲೋ ಕೆಳಗೆ. ಆಮೇಲೆ ಗುಲ್ಮಾರ್ಗ. ಸುತ್ತ ಹಿಮದ ಬೆಟ್ಟ, ನಡುವೆ ಹುಲ್ಲಿನ ಬೋಗುಣಿ. ಗಾಳಿ ತೆಳುವಾದ ಕಾರಣ ಅಲ್ಲಿ ಹೊಡೆದ ಚೆಂಡು ಬಯಲಿಗಿಂತ ದೂರ ಹಾರುತ್ತದೆಯೆಂದು ಅವಳು ಬರೆದಿದ್ದಳು. ನಮ್ಮ ಪಕ್ಕದ ಹುಡಗಿ ಊರಿನ ಕಡೆಯ ಹೊಲಗಳಲ್ಲಿ ತೊಗರಿ ರಾಶಿ ಮಾಡುವಾಗ ಹಾರುವುದು ಬರೀ ಹೊಟ್ಟು, ಅದೂ ಬಂದು ಕಣ್ಣಿಗೇ ಬೀಳುತ್ತದೆ.

ನಗಬೇಡಿ. ಹೊಟ್ಟೆಕಿಚ್ಚು ಮನುಷ್ಯರನ್ನು ಎಷ್ಟು ಓದಿಸುತ್ತದೆಂದು ನಿಮಗೆ ಗೊತ್ತಿಲ್ಲ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ನಾನು ಫೋನಿನಲ್ಲಿ ಈ ಬೆಟ್ಟದ ಮೈದಾನಗಳನ್ನೆಲ್ಲ ಒಂದೊಂದಾಗಿ ನೋಡಿ ಮುಗಿಸಿದ್ದೇನೆ, ಎಲ್ಲಾದರೂ ಒಂದು ಹುಳುಕು ಸಿಕ್ಕೀತೇ ಎಂದು. ಸಿಗಲಿಲ್ಲ. ಬದಲಿಗೆ ಜ್ಞಾನ ಬಂತು. ನೀವು ಹೋಗುವುದಾದರೆ ಕೇಳಿ: ಗುಲ್ಮಾರ್ಗಕ್ಕೆ ಹಿಮ ಪೂರ್ತಿ ಕರಗಿದ ಮೇಲೆ ಹೋಗಿ, ಶಿಲ್ಲಾಂಗಿಗೆ ಮಳೆಗಾಲದಲ್ಲಿ ಹೋಗಬೇಡಿ, ರಾಣಿಖೇತಕ್ಕೆ ಮಳೆ ನಿಂತ ಕೂಡಲೇ ಹೋಗಿ, ಆಗ ಆಕಾಶ ತೊಳೆದಿಟ್ಟಂತೆ ಇದ್ದು ಹಿಮದ ಶಿಖರಗಳು ಸಾಲಾಗಿ ಕಾಣುತ್ತವೆ. ಇಷ್ಟೆಲ್ಲ ಬಲ್ಲವಳು ನಮ್ಮ ಹತ್ತಿರದ ರಾಜೇಶ್ವರ ಊರಿನ ಏರಿಗಿಂತ ಎತ್ತರದ ಯಾವ ಬೆಟ್ಟವನ್ನೂ ಹತ್ತಿರಲಿಲ್ಲ.

ಆಗ ಶರಣಪ್ಪನ ಮೊಣಕಾಲು ಕೈಕೊಟ್ಟಿತು. ಊರಿನ ಮೊಣಕಾಲುಗಳಿಗೆಲ್ಲ ಔಷಧ ಕೊಡುವವನು ತನ್ನದಕ್ಕೆ ಆಪರೇಶನ್ ಮಾಡಿಸಿಕೊಂಡ. ಇನ್ನು ಬೆಟ್ಟ ಏರುವ ಮಾತಿಲ್ಲವೆಂದು ಅವನ ಡಾಕ್ಟರರು ಹೇಳಿದರು. ಗಂಡನಿಲ್ಲದೆ ಗಂಗಾ ಒಬ್ಬಳೇ ಆಡಲು ಹೋಗಲಾರಳು. ಹೋಗಬೇಡವೆಂದು ಅವಳಿಗೆ ಹೇಳಿದವರಾರೂ ಇಲ್ಲ, ಆದರೆ ಒಬ್ಬಳೇ ಆ ಮಂದಿಯ ನಡುವೆ ನಿಲ್ಲಲು ಅವಳಿಗೇ ಅಂಜಿಕೆ. ಕೋಲುಗಳ ಚೀಲವನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆಂದು ಫೋನಿನಲ್ಲಿ ಹೇಳಿದಳು. ನಾನು "ಅಯ್ಯ, ಪಾಪ" ಎಂದೆ. ಒಳಗೆ ಏನಾಯಿತು ಗೊತ್ತೇ? ಹಬ್ಬ! ಇನ್ನು ನನ್ನ ಫೋನು ಮಿನುಗುವುದಿಲ್ಲ, ನನ್ನ ರೊಟ್ಟಿ ಸೀಯುವುದಿಲ್ಲ.

ಹಬ್ಬ ಬಹಳ ದಿವಸ ನಡೆಯಲಿಲ್ಲ. ರೊಟ್ಟಿಗಳೇನೋ ಹೂವಿನ ಹಾಗೆ ಬಂದವು, ಆದರೆ ನಾನು ಕೆಲಸವಿಲ್ಲದೆ ಫೋನು ತೆರೆದು ಹಳೆಯ ಬೆಟ್ಟಗಳನ್ನೇ ನೋಡುತ್ತ ನಿಲ್ಲತೊಡಗಿದೆ. ಎಲ್ಲೋ ವಿಲಾಯತಿಯಲ್ಲಿ ಯಾವಳೋ ಸಿರಿವಂತೆ ಗಾಲ್ಫ್ ಆಡಿದರೆ ನನಗೇನೂ ಅನ್ನಿಸುವುದಿಲ್ಲ. ನಾವು ಹೊಟ್ಟೆ ಉರಿದುಕೊಳ್ಳುವುದು ನಮ್ಮ ಪಂಕ್ತಿಯಲ್ಲೇ ಕೂತು ಉಂಡವರ ಮೇಲೆ. ನಾನೂ ಅಲ್ಲಿರಬಹುದಿತ್ತು ಎಂಬ ಆಸೆ ಅದರೊಳಗೆ ಇರುತ್ತದೆ. ಗಂಗಾ ನಿಂತ ಕಡೆಯಲ್ಲೆಲ್ಲ ನಾನೂ ಪಕ್ಕದಲ್ಲಿ ಅರ್ಧ ನಿಂತಿದ್ದೆ. ಅವಳು ಹೋಗದಿದ್ದರೆ ನಾನೂ ಹೋಗುವುದಿಲ್ಲವಲ್ಲ! ಈ ವಿಚಾರ ತಲೆಗೆ ಬಂದ ದಿನವೇ ಬಸ್ ಹತ್ತಿ ಬಸವಕಲ್ಯಾಣಕ್ಕೆ ಹೋದೆ.

ಗಂಗಾ ಅಂಗಳದಲ್ಲಿ ಮೆಣಸಿನಕಾಯಿ ಒಣಗಿಸುತ್ತಿದ್ದಳು. ಚಹಾ ಕೂಡ ಕುಡಿಯದೆ ಹೇಳಿಬಿಟ್ಟೆ: "ರಾಣಿಖೇತಕ್ಕ ನಡಿ. ನಾ ಬರ್ತೀನಿ ನಿನ್ನ ಜೋಡಿ."

ಅವಳು ಕಣ್ಣು ಬಿಟ್ಟಳು. "ಅಕ್ಕಾ, ನಿನಗ ಆಡಾಕ ಎಲ್ಲಿ ಬರ್ತದ?"

"ಆಡೋಳು ನೀ. ನಾ ನೋಡ್ತೀನಿ. ಇಷ್ಟು ವರ್ಷ ಫೋನಿನಾಗ ನೋಡೀನಲ್ಲ, ಒಮ್ಮಿ ಖರೇ ನೋಡಬೇಕು."

ಶರಣಪ್ಪ ಕೋಣೆಯಿಂದಲೇ "ಹೋಗಿ ಬರ್ರಿ ವೈನಿ, ಪುಣ್ಯ ಬರ್ತದ ನಿಮಗ" ಎಂದ. ನಾನು ಪುಣ್ಯಕ್ಕೆ ಹೊರಟವಳಲ್ಲವೆಂದು ಅವನಿಗೆ ಹೇಗೆ ಹೇಳಲಿ?

ದಸರೆ ಮುಗಿಸಿಕೊಂಡು ಹೊರಟೆವು. ಒಂದು ರೈಲು, ಮತ್ತೊಂದು ರೈಲು, ಆಮೇಲೆ ಹೊಟ್ಟೆ ತೊಳಸುವ ತಿರುವುಗಳ ಜೀಪು. ಮರುದಿನ ಬೆಳಿಗ್ಗೆ ಆ ಮೈದಾನದ ಅಂಚಿಗೆ ಬಂದು ನಿಂತಾಗ ನನ್ನ ಅಷ್ಟೂ ಓದು ಮಣ್ಣುಪಾಲಾಯಿತು. ಪೈನ್ ಮರಗಳ ನಡುವೆ ಹುಲ್ಲು ಇಳಿದಿಳಿದು ಹೋಗಿ ಎಲ್ಲಿ ಮುಗಿಯಿತೋ ಅಲ್ಲಿಂದಾಚೆ ನೆಲವೇ ಇಲ್ಲ. ಬರೀ ನೀಲಿ, ಆ ನೀಲಿಯ ಮೇಲೆ ಬೆಳ್ಳನೆಯ ಶಿಖರಗಳು. ಇಂಥದನ್ನು ಇವಳು ವರ್ಷ ವರ್ಷ ಕಂಡಿದ್ದಾಳೆ ಎಂಬ ಸಂಕಟಕ್ಕೆ ಅಲ್ಲಿಯೇ ಒಂದು ಕಲ್ಲಿನ ಮೇಲೆ ಕೂತುಬಿಟ್ಟೆ.

ಆದರೆ ನಿಜವಾದ ಉರಿ ಹತ್ತಿದ್ದು ಆಮೇಲೆ. ಗಂಗಾ ಚೆಂಡಿನ ಮುಂದೆ ನಿಂತಳು. ಕೋಲನ್ನು ಎರಡೂ ಕೈಯಲ್ಲಿ ಹಿಡಿದು ತಲೆ ತಗ್ಗಿಸಿದಳು. ಆಗಿನ ಅವಳ ಮುಖ ಯಾವ ಫೋಟೊದಲ್ಲೂ ಬಂದಿರಲಿಲ್ಲ. ಅದರಲ್ಲಿ ಗಂಡನಿಲ್ಲ, ಮನೆಯಿಲ್ಲ, ನಾನಿಲ್ಲ, ಆ ಹಿಮದ ಬೆಟ್ಟವೂ ಇಲ್ಲ. ಅವಳು ಮತ್ತು ಆ ಚೆಂಡು. ಕೋಲು ಬೀಸಿದ್ದು, ಚೆಂಡು ಹಾರಿದ್ದು ನನಗೆ ಕಾಣಲೇ ಇಲ್ಲ. ಇಡೀ ಜನ್ಮದಲ್ಲಿ ನಾನು ಯಾವುದರ ಮುಂದೆಯೂ ಹಾಗೆ ನಿಂತಿಲ್ಲ. ದೇವರ ಮುಂದೆ ನಿಂತಾಗಲೂ ಒಲೆಯ ಮೇಲಿನ ಹಾಲಿನ ಚಿಂತೆ ಇರುತ್ತದೆ. ಇಷ್ಟು ವರ್ಷ ಬೆಟ್ಟದ ಮೇಲೆ ಹೊಟ್ಟೆಕಿಚ್ಚು ಪಟ್ಟೆನಲ್ಲ, ಪಡಬೇಕಾದದ್ದು ಇದರ ಮೇಲೆ ಎಂದು ಗೊತ್ತಾಯಿತು.

ಇದೇ ಗುಂಗಿನಲ್ಲಿ ಅವಳ ಹಿಂದೆ ನಡೆದು ಬಾವುಟದ ಹತ್ತಿರ ಬಂದೆ. ಅಲ್ಲಿ ಹುಲ್ಲಿನ ಬಣ್ಣವೇ ಬೇರೆ. ಕಸಬರಿಗೆ ಹಾಕಿ, ನೀರು ಚಿಮುಕಿಸಿ ಇಟ್ಟಂಥ ಗುಂಡನೆಯ ನುಣುಪು ನೆಲ; ಒಂದು ಎಲೆ ಬಿದ್ದಿಲ್ಲ, ನಡುವೆ ನೆಟ್ಟಗೆ ಒಂದು ಬಾವುಟ. ನಮ್ಮ ಕಡೆ ಬಯಲಿನಲ್ಲಿ ಹೀಗೆ ಶುಚಿಯಾದ ನೆಲ, ನಡುವೆ ಬಾವುಟ ಕಂಡರೆ ಅದು ಯಾವುದೋ ಶರಣರ ಗದ್ದುಗೆ, ಇಲ್ಲವೇ ದರ್ಗಾ. ಯಾರದೆಂದು ಕೇಳುವ ಮೊದಲೇ ಕಾಲಿನಿಂದ ಚಪ್ಪಲಿ ಕಳಚಿರುತ್ತದೆ. ನನ್ನದೂ ಕಳಚಿತು. ಅಂಚಿನ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಸೆರಗು ತಲೆಗೆಳೆದು, ಬಾವುಟಕ್ಕೆ ಬಲಗಡೆಯಿಂದ ಸುತ್ತು ಹೊರಟೆ.

ಅರ್ಧ ಸುತ್ತು ಆಗಿರಬೇಕು, ಹಿಂದೆ ಕಿಸಕ್ಕನೆ ನಗೆ ಕೇಳಿಸಿತು. ನಮ್ಮ ಸರದಿ ಮುಗಿಯಲೆಂದು ಕಾಯುತ್ತಿದ್ದ ಇಬ್ಬರು ಹೆಂಗಸರು, ಟೊಪ್ಪಿಗೆ, ಕೈಗವಸು, ಎಲ್ಲ ಇದ್ದವರು. ನನಗೆ ಆಗ ಎಚ್ಚರವಾಯಿತು. ಮೈಯೆಲ್ಲ ಬಿಸಿಯಾಗಿ, ಆ ಕುಣಿ ಇನ್ನಷ್ಟು ದೊಡ್ಡದಿದ್ದರೆ ಅದರೊಳಗೇ ಇಳಿದುಬಿಡುತ್ತಿದ್ದೆ. ಗಂಗಾಳ ಮುಖ ನೋಡಲು ಧೈರ್ಯವಾಗಲಿಲ್ಲ. ನಾನಾಗಿ ಗಂಟುಬಿದ್ದು ಬಂದು ಅವಳ ಮಾನ ಕಳೆದೆನಲ್ಲ.

ಗಂಗಾ ಕೋಲು ನೆಲಕ್ಕಿಟ್ಟಳು. ಬಗ್ಗಿ ಬೂಟಿನ ದಾರ ಬಿಚ್ಚಿದಳು. ಬೂಟುಗಳನ್ನು ನನ್ನ ಚಪ್ಪಲಿಯ ಪಕ್ಕ ಜೋಡಿಸಿಟ್ಟು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ನನ್ನ ಹಿಂದೆ ಬಂದು "ನಡಿ ಅಕ್ಕಾ, ಸುತ್ತು ಅರ್ಧಕ್ಕ ಬಿಡಬಾರದು" ಎಂದಳು. ಇಬ್ಬರೂ ಸುತ್ತು ಮುಗಿಸಿದೆವು. ಆಮೇಲೆ ಅವಳು ಬರಿಗಾಲಲ್ಲೇ ನಿಂತು ಚೆಂಡನ್ನು ಮೆಲ್ಲಗೆ ತಳ್ಳಿದಳು. ಅದು ಹೋಗಬೇಕಾದ ದಿಕ್ಕು ಬಿಟ್ಟು ಕಣಿವೆಯ ಕಡೆ ಬಾಗಿ, ಸುತ್ತಿ ಬಂದು ಕುಣಿಯೊಳಗೆ ಬಿತ್ತು. "ಮದಲನೇ ಸಲ ಊಟಿಗೆ ಹೋದಾಗ ನನಗೂ ಬೂಟು ಬಿಚ್ಚಬೇಕು ಅನಿಸಿತ್ತು" ಎಂದಳು, "ಮಂದಿಗೆ ಅಂಜಿ ಬಿಚ್ಚಲಿಲ್ಲ."

ನೋಡಿ, ಇವಳು ಎಂಥವಳು! ಆಟ ಬರುತ್ತದೆ, ಬೆಟ್ಟ ಕಂಡಿದ್ದಾಳೆ, ಮೇಲಿಂದ ಇಷ್ಟು ದೊಡ್ಡ ಮನಸ್ಸು ಬೇರೆ. ಒಬ್ಬಳೇ ನೆಗೆಣ್ಣಿಯ ಮೇಲೆ ಮನುಷ್ಯರಾದವರು ಎಷ್ಟು ಕಡೆಯಿಂದ ಹೊಟ್ಟೆಕಿಚ್ಚು ಪಡಬೇಕು? ಆ ಇಬ್ಬರು ಹೆಂಗಸರೂ ನಗು ನಿಲ್ಲಿಸಿ ಹತ್ತಿರ ಬಂದರು. ಅವಳ ಹೊಡೆತ ಕಂಡು ಮೆಚ್ಚಿ, ನಾಳೆ ತಮ್ಮ ಜೊತೆ ಆಡಬೇಕೆಂದು ಕೇಳಿದರು. ಮರುದಿನ ಗಂಗಾ ಅವರ ನಡುವೆ ತನ್ನ ಮಂಠಾಳದ ಹಿಂದಿಯನ್ನು ಧಾರಾಳವಾಗಿ ಮಾತಾಡುತ್ತ ಆಡಿದಳು. ನಾನು ಕಲ್ಲಿನ ಮೇಲೆ ಕೂತು ಎಲ್ಲರ ಚಹಾದ ಫ್ಲಾಸ್ಕು ಕಾಯ್ದೆ. ಹೊರಡುವ ದಿನ ಅವರು, ಮುಂದಿನ ವರ್ಷ ಶಿಲ್ಲಾಂಗಿಗೆ ಹೊರಟಿದ್ದೇವೆ, ನೀವೂ ಬನ್ನಿ ಎಂದು ಅವಳ ಕೈ ಹಿಡಿದುಕೊಂಡು ಹೇಳಿದ್ದನ್ನು ದೂರದಿಂದಲೇ ಕೇಳಿಸಿಕೊಂಡೆ.

ರೈಲಿನಲ್ಲಿ ಗಂಗಾ ಕಿಟಕಿಯ ಕಡೆ ಮುಖ ಮಾಡಿ ನಿಧಾನವಾಗಿ ಶುರುಮಾಡಿದಳು. "ಅಕ್ಕಾ, ನನ್ನ ಅಂಜಿಕಿ ಹೋಯ್ತು. ನಮ್ಮ ಮನಿಯವರು ಇಲ್ಲದಿದ್ರೂ ನಾ ಆಡಬಲ್ಲೆ ಅನಿಸಾಕತ್ತದ. ಶಿಲ್ಲಾಂಗಿಗೆ ಆ ಇಬ್ರು ಬಾಯಾರ ಜೋಡಿ ಹೋಗಿ ಬರ್ತೀನಿ. ನಿನಗ ಮತ್ತ ತ್ರಾಸು ಬ್ಯಾಡ."

ನಾನು ಖುಷಿಪಡಬೇಕಾಗಿತ್ತು. ಅವಳು ಕೋಲು ಬಿಡಬಾರದೆಂದೇ ಅಲ್ಲವೇ ನಾನು ಅಷ್ಟು ದೂರ ಬಂದದ್ದು? ಆದರೆ ಒಳಗೆ ಎದ್ದ ಉರಿಯ ಮುಂದೆ ಇಷ್ಟು ವರ್ಷದ್ದೆಲ್ಲ ಬರೀ ಬೂದಿ. ಅವರು ಯಾರು ಇವಳಿಗೆ? ಇವಳ ಚಹಾಕ್ಕೆ ಎಷ್ಟು ಶುಂಠಿ ಬೇಕೆಂದು ಅವರಿಗೆ ಗೊತ್ತೇ? ಇವಳು ಬಾವುಟದ ಮುಂದೆ ಬೂಟು ಬಿಚ್ಚಿದರೆ ಅವರಲ್ಲಿ ಒಬ್ಬಳಾದರೂ ಬಿಚ್ಚುತ್ತಾಳೆಯೇ?

"ನನ್ನ ಬಿಟ್ಟು ಹ್ಯಾಂಗ ಹೋಗ್ತಿ ನಾನೂ ನೋಡ್ತೀನಿ" ಎಂದೆ. ದನಿ ಎಷ್ಟು ಏರಿತೆಂದರೆ ಎದುರಿನ ಸೀಟಿನವರು ತಿರುಗಿ ನೋಡಿದರು. "ಅಂಗಡಿ ಮುಳುಗಿದ್ರ ಮುಳುಗಲಿ. ಶಿಲ್ಲಾಂಗಿಗೆ ನಾ ಬರಾಕಿನ!"

ಗಂಗಾ ಕಿಟಕಿಯಿಂದ ಮುಖ ತಿರುಗಿಸಿದಳು. ಅವಳು ಆಗಿನಿಂದ ನಗು ತಡೆದುಕೊಂಡು ಕೂತಿದ್ದಳು.

"ಇಬ್ರೂ ಬರ್ತೀವಿ ಅಂತ ಆ ಬಾಯಾರಿಗೆ ಮದಲ ಹೇಳಿ ಬಂದೀನಿ ಅಕ್ಕಾ. ಹಿಂಗ ಅನ್ನದಿದ್ರ ನೀ ಎಲ್ಲಿ ಹೂಂ ಅಂತಿದ್ದಿ?"