ಸೊಸೆಯರ ರಾಜಿಗೆ ಹೋದ ಹಾಲು

ಹೊನ್ನೂರಿನ ಚಿಕ್ಕಮಾದಮ್ಮನಿಗೆ ಅರವತ್ತು ತುಂಬಿದೆಯೋ ಇಲ್ಲವೋ ಆಕೆಗೇ ಗೊತ್ತಿಲ್ಲ. ಆಧಾರ್ ಕಾರ್ಡಿನಲ್ಲಿ ಜನವರಿ ಒಂದು ಎಂದಿದೆ. ಆ ಊರಿನಲ್ಲಿ ಅರ್ಧ ಜನ ಹುಟ್ಟಿರುವುದು ಜನವರಿ ಒಂದರಂದೇ, ಆದ್ದರಿಂದ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗಂಡ ಮಾದು ಯಳಂದೂರಿನ ಅಕ್ಕಿ ಮಿಲ್ಲೊಂದರಲ್ಲಿ ಕಾವಲಿಗಿದ್ದಾನೆ. ಮಗಳು ಹನೂರಿನ ಸೊಸೆ. ನಾಲೆಯ ಕೆಳಗೆ ಅರ್ಧ ಎಕರೆ ಗದ್ದೆ, ಮನೆಯ ಮುಂದೆ ಎರಡು ತೆಂಗಿನ ಮರ, ಸೋಮವಾರ ತಪ್ಪದೆ ಮಾದಪ್ಪನ ಗುಡಿಗೆ ಒಂದು ದೀಪ. ಇಷ್ಟು ಚಿಕ್ಕಮಾದಮ್ಮ.

ಇನ್ನೊಂದಿದೆ. ಆಕೆ ನಾಟಿಯ ಮುಂದಾಳು. ಹನ್ನೆರಡು ಹೆಂಗಸರ ಒಂದು ಗುಂಪು, ಅದರೊಳಗೆ ಮುಯ್ಯಾಳು ಪದ್ಧತಿ. ಇವತ್ತು ಎಲ್ಲರೂ ನಿನ್ನ ಗದ್ದೆಗೆ, ನಾಳೆ ಎಲ್ಲರೂ ನನ್ನ ಗದ್ದೆಗೆ. ಸಾಲು ಹಿಡಿಯುವುದು, ಯಾರು ಯಾರ ಪಕ್ಕ ಬಗ್ಗಬೇಕೆಂದು ಹೇಳುವುದು, ಬಗ್ಗಿದ ಮೇಲೆ ಅವರ ಮನೆಯ ಕಷ್ಟವನ್ನೆಲ್ಲ ಕೇಳಿಸಿಕೊಳ್ಳುವುದು ಮುಂದಾಳಿನ ಕೆಲಸ. ಮುಂದಾಳಿನ ಗದ್ದೆ ಎಲ್ಲರದಕ್ಕಿಂತ ಕೊನೆಗೆ. ಅದು ಅತ್ತೆಯ ಕಾಲದಿಂದ ಬಂದ ಮಾತು. ಇಪ್ಪತ್ತು ವರ್ಷ ಅದರಿಂದ ಯಾವ ತೊಂದರೆಯೂ ಆಗಿರಲಿಲ್ಲ.

ಈ ಸಲ ಆಯಿತು. ತೊಂದರೆ ಬಂದದ್ದು ಟೀವಿಯಿಂದ.

ಸಂಜೆ ಏಳೂವರೆಗೆ ಬರುವ ಆ ಧಾರಾವಾಹಿಯಲ್ಲಿ ಒಂದು ದೊಡ್ಡ ಮನೆ, ಅಲ್ಲಿ ಇಬ್ಬರು ಸೊಸೆಯರು. ದೊಡ್ಡಸೊಸೆಯ ಪಾತ್ರ ಮಾಡುವವಳು ಕೋಮಲ, ಚಿಕ್ಕಸೊಸೆಯ ಪಾತ್ರ ಮಾಡುವವಳು ರೂಪ. ಒಂದು ಶುಕ್ರವಾರ ಚಿಕ್ಕಸೊಸೆ ದೊಡ್ಡಸೊಸೆಯ ಕೆನ್ನೆಗೆ ಹೊಡೆದಳು. ಅದು ಕಥೆ ಎಂದು ಊರಿನವರಿಗೂ ಗೊತ್ತು, ಅಷ್ಟು ಪೆದ್ದರಲ್ಲ ಅವರು. ಆದರೆ ಮರುದಿನ ಎಲ್ಲರ ಫೋನಿಗೂ ಒಂದು ವಿಡಿಯೊ ಬಂತು. ಆ ಏಟು ನಿಜವಾದದ್ದು, ಇಬ್ಬರಿಗೂ ಹೊರಗೆ ಹಾವು ಮುಂಗುಸಿಯ ಹಗೆ, ಒಬ್ಬಳು ಇದ್ದ ಕಡೆ ಇನ್ನೊಬ್ಬಳು ನೀರೂ ಮುಟ್ಟುವುದಿಲ್ಲ ಎಂದು ಅದರಲ್ಲಿ ಒಬ್ಬ ಉಸಿರು ಬಿಡದೆ ಹೇಳಿದ. ದೊಡ್ಡಸೊಸೆಯ ಕೆನ್ನೆಗೆ ಕೆಂಪು ಬಾಣದ ಗುರುತೂ ಇತ್ತು.

ನಾಟಿಯ ಗುಂಪು ಅಂದೇ ಎರಡಾಯಿತು. ತಮ್ಮ ತಮ್ಮ ಮನೆಗಳಲ್ಲಿ ದೊಡ್ಡ ಸೊಸೆಯರಾಗಿ ಬಂದವರೆಲ್ಲ ಕೋಮಲಳ ಕಡೆ. ಅವರಿಗೆ ಮಂಗಳ ಮುಂದು. ಚಿಕ್ಕ ಸೊಸೆಯರಾಗಿ ಬಂದವರೆಲ್ಲ ರೂಪಳ ಕಡೆ. ಅವರಿಗೆ ಮಹಾದೇವಮ್ಮ ಮುಂದು. ನಡುವಿನ ಸೊಸೆಯಾಗಿ ಬಂದಿದ್ದ ಒಬ್ಬಳು ಎರಡು ದಿನ ಯೋಚಿಸಿ, ತನಗಿಂತ ಕಿರಿಯಳು ತನಗೆ ಮಾಡಿದ್ದನ್ನು ನೆನೆದು, ಮಂಗಳಳ ಕಡೆ ಹೋದಳು. ಚಿಕ್ಕಮಾದಮ್ಮ ಮಾತ್ರ ಅತ್ತೆಯ ಮನೆಗೆ ಒಬ್ಬಳೇ ಸೊಸೆ. ಆಕೆಗೆ ಯಾವ ಪಕ್ಷವೂ ಇರಲಿಲ್ಲ.

ಮಂಗಳಳ ಗದ್ದೆಯಲ್ಲಿ ನಾಟಿ ಮುಗಿಯುವ ಹೊತ್ತು. ಮಹಾದೇವಮ್ಮ ಬಗ್ಗಿದ ಸೊಂಟ ಎತ್ತದೆಯೇ ಹೇಳಿದಳು:

"ಆ ಏಟು ಇನ್ನೂ ಮೊದ್ಲೇ ಬೀಳ್ಬೇಕಾಗಿತ್ತು ಕಣವ್ವ. ದೊಡ್ಡಸೊಸೆ ಅಂದ್ಬುಟ್ರೆ ಕೊಂಬು ಬತ್ತದಾ?"

"ನನ್ ಗದ್ದೇಲಿ ನಿಂತ್ಕಂಡು ನನಗೇ ಏಳ್ತೀಯಾ?" ಎಂದಳು ಮಂಗಳ.

"ನಿನಗ್ಯಾರು ಏಳಿದ್ರು? ಟೀವಿಯವ್ಳಿಗೆ ಏಳ್ದೆ."

ಒಂದು ಹಿಡಿ ಕೆಸರು ಹಾರಿತು. ಯಾರು ಎಸೆದರೆಂಬುದು ಇಂದಿಗೂ ತೀರ್ಮಾನವಾಗಿಲ್ಲ. ಅಲ್ಲಿಂದಾಚೆಗೆ ಈ ಕಡೆಯವರು ಇರುವ ಗದ್ದೆಗೆ ಆ ಕಡೆಯವರು ಇಳಿಯುವುದಿಲ್ಲ, ಆ ಕಡೆಯವರು ನೆಟ್ಟ ಸಾಲಿನ ಪಕ್ಕ ಈ ಕಡೆಯವರು ನೆಡುವುದಿಲ್ಲ ಎಂದಾಯಿತು. ಅಷ್ಟರಲ್ಲಿ ಹನ್ನೊಂದು ಗದ್ದೆ ಮುಗಿದಿತ್ತು. ಉಳಿದಿದ್ದು ಮುಂದಾಳಿನದು.

ಚಿಕ್ಕಮಾದಮ್ಮ ದಿನವೂ ಸಸಿ ಬೆಳೆಸಿದ ಒಟ್ಲಿನ ಬದಿಗೆ ಹೋಗಿ ನಿಲ್ಲುತ್ತಿದ್ದಳು. ಪೈರಿಗೆ ಇಪ್ಪತ್ತೈದು ದಿನ ಕಳೆದು ಮೂವತ್ತಕ್ಕೆ ಬಂದಿತ್ತು. ಒಟ್ಲಿನಲ್ಲೇ ಬಲಿತ ಪೈರನ್ನು ತಂದು ನೆಟ್ಟರೆ ಅದು ತೆಂಡೆ ಒಡೆದು ಕವಲಾಗುವುದಿಲ್ಲ, ನೆಟ್ಟಷ್ಟೇ ನಿಂತಿರುತ್ತದೆ. ಅವಳ ತೂಬಿಗೆ ನಾಲೆಯ ನೀರಿನ ಸರದಿ ಶನಿವಾರ, ಒಂದೇ ದಿನ. ಆರು ಜನರಿಂದ ಒಂದು ದಿನಕ್ಕೆ ಮುಗಿಯುವ ಗದ್ದೆ ಅದಲ್ಲ. ನಾಟಿಯ ಹಂಗಾಮಿನಲ್ಲಿ ಕೂಲಿಗೆ ಕರೆದರೆ ಬರುವವರಿಲ್ಲ. ಹೇಳಿಕೊಂಡಾಗ ಮಾದು, "ಟೀವಿ ಮಾರ್ಬುಡು" ಎಂದ. ಅವರ ಮನೆಯ ಟೀವಿ ಕೆಟ್ಟು ಒಂದೂವರೆ ವರ್ಷವಾಗಿತ್ತು.

ಸೋಮವಾರ ದೀಪ ಹಚ್ಚಿ ಬಂದವಳು ಗುಡಿಯ ಜಗಲಿಯಲ್ಲಿ ಕುಳಿತಿದ್ದ ಊರಿನ ಯಜಮಾನ ಚಿಕ್ಕಮಾದಪ್ಪನಿಗೆ ವಿಷಯ ತಿಳಿಸಿದಳು. ಚಿಕ್ಕಮಾದಪ್ಪ ಬೇಲಿ ಜಗಳ, ಬದುವಿನ ಜಗಳ, ಹುಂಜದ ಜಗಳ ಎಲ್ಲ ತೀರಿಸಿದವರು. ಅವರಿಗೆ ಜಗಳ ಎಂದರೆ ಜಗಳ. ಎರಡೂ ಕಡೆಯವರನ್ನು ಕರೆಸಿದರು.

"ಈಗ ಮೂಲ ಜಗಳ ಯಾರ್ ಯಾರಿಗೆ?"

"ದೊಡ್ಡಸೊಸೆಗೂ ಚಿಕ್ಕಸೊಸೆಗೂ ಕಣ್ರಿ ಯಜಮಾನ್ರೇ."

"ಅವ್ರು ಬಂದವ್ರಾ?"

"ಅವ್ರು ಬೆಂಗ್ಳೂರಲ್ಲಿ ಅವ್ರೆ."

ಚಿಕ್ಕಮಾದಪ್ಪ ಸ್ವಲ್ಪ ಹೊತ್ತು ಮೀಸೆ ಸವರಿಕೊಂಡರು. ಕಕ್ಷಿಗಾರರು ಊರಲ್ಲಿಲ್ಲದ ಕಾರಣಕ್ಕೆ ನ್ಯಾಯ ನಿಂತದ್ದು ಅವರ ಯಜಮಾನಿಕೆಯಲ್ಲಿ ಇರಲಿಲ್ಲ. ದೊಡ್ಡಸೊಸೆಯ ಪರವಾಗಿ ಮಂಗಳ, ಚಿಕ್ಕಸೊಸೆಯ ಪರವಾಗಿ ಮಹಾದೇವಮ್ಮ ನಿಂತರು. ಒಂದು ಗಂಟೆ ವಾದವಾಯಿತು. ಕದ್ದ ಬಳೆ, ಉಪ್ಪು ಸುರಿದ ಪಾಯಸ, ಮಾವನ ಉಯಿಲು ಎಲ್ಲವೂ ಬಂತು. ಕೊನೆಗೆ ಇಬ್ಬರದೂ ತಪ್ಪು ಎಂದು ತೀರ್ಪಾಯಿತು. ಊರಿನ ರೂಢಿಯಂತೆ, ಮಾದಪ್ಪನ ಮುಂದೆ ಇಟ್ಟ ಒಂದು ಚೊಂಬು ಹಾಲನ್ನು ಜಗಳವಾಡಿದ ಇಬ್ಬರೂ ಕುಡಿಯಬೇಕು. ಕುಡಿದರೆ ರಾಜಿ.

"ಕುಡೀರವ್ವ, ಅತ್ಲಾಗೆ ಮುಗೀಲಿ."

ಮಂಗಳ ಚೊಂಬು ಮುಟ್ಟಲಿಲ್ಲ. "ನಾನು ಕುಡುದ್ರೆ ನಾನು ರಾಜಿಯಾದಂಗಾಯ್ತದೆ. ಟೀವಿಯವ್ಳು ಹೆಂಗೆ ಆಯ್ತಾಳೆ? ನಾಳೆ ಅವ್ಳು ಪುನಃ ಜಗಳಕ್ಕೆ ನಿಂತ್ರೆ ಮಾದಪ್ಪನಿಗೆ ತಪ್ಪಿ ನಡ್ದೋಳು ನಾನಾಗಲ್ವಾ?"

ಅದು ನ್ಯಾಯವಾದ ಮಾತೆಂದು ಮಹಾದೇವಮ್ಮನಿಗೂ ಅನ್ನಿಸಿತು. ಆದರೆ ಒಪ್ಪಿದ್ದನ್ನು ತೋರಿಸದೆ ಆಚೆ ತಿರುಗಿದಳು.

ಆಗಲೇ ಯಾರೋ ನೆನಪಿಸಿದರು. ಗುರುವಾರ ಕೊಳ್ಳೇಗಾಲದಲ್ಲಿ ಹೊಸ ಸೀರೆ ಅಂಗಡಿ ತೆರೆಯುತ್ತಾರೆ, ಇಬ್ಬರು ಸೊಸೆಯರೂ ಬರುತ್ತಾರೆ. ಆಟೊಗೆ ಮೈಕು ಕಟ್ಟಿ ಊರೂರಿಗೂ ಕೂಗಿಸಿದ್ದಾರೆ.

ಹಾಲು ಒಯ್ಯುವವರು ಯಾರು? ಈ ಕಡೆಯವರು ಒಯ್ದರೆ ಆ ಕಡೆಯವರು ನಂಬುವುದಿಲ್ಲ. ಹೀಗೆ ಪಕ್ಷವಿಲ್ಲದ ಚಿಕ್ಕಮಾದಮ್ಮನ ಪಾಲಿಗೆ ಅದು ಬಂತು. ಶನಿವಾರ ಮನಸ್ಸಿನಲ್ಲಿತ್ತು, ಆಕೆ ಇಲ್ಲ ಎನ್ನಲಿಲ್ಲ.

ಗುರುವಾರ ಬೆಳಿಗ್ಗೆ ಮಾದಪ್ಪನ ಮುಂದಿಟ್ಟ ಹಿತ್ತಾಳೆ ಚೊಂಬಿಗೆ ಬಾಳೆಲೆ ಮುಚ್ಚಿ, ಬಿಳಿ ಬಟ್ಟೆ ಬಿಗಿದು, ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಯಳಂದೂರಿನಲ್ಲಿ ಇಳಿದು ಕೊಳ್ಳೇಗಾಲದ ಬಸ್ಸು ಹಿಡಿದಳು. ಕಂಡಕ್ಟರ್ ಆಧಾರ್ ನೋಡಿ, "ಅಜ್ಜಿ, ಚೊಂಬಲ್ಲೇನು?" ಎಂದ.

"ರಾಜಿ ಹಾಲು ಕಣಪ್ಪ."

"ಚೆಲ್ಬೇಡಿ," ಎಂದು ಆತ ಮುಂದಕ್ಕೆ ಹೋದ.

ಅಂಗಡಿಯ ಮುಂದೆ ರಸ್ತೆ ತುಂಬ ಜನ. ಎಡಕ್ಕೆ ನಿಂತವರು ಕೋಮಲ ಎನ್ನುತ್ತಿದ್ದರು, ಬಲಕ್ಕೆ ನಿಂತವರು ರೂಪ ಎನ್ನುತ್ತಿದ್ದರು, ನಡುವೆ ಒಬ್ಬ ಪೊಲೀಸ್ ಲಾಠಿ ಅಡ್ಡ ಹಿಡಿದಿದ್ದ. ಅಲ್ಲಿ ಚೊಂಬು ಉಳಿಯುವುದಿಲ್ಲವೆಂದು ಚಿಕ್ಕಮಾದಮ್ಮ ಹಿಂದಿನ ಓಣಿಗೆ ಹೋದಳು. ಹಿಂಬಾಗಿಲಲ್ಲಿದ್ದ ಕಾವಲುಗಾರ ಚೊಂಬು ನೋಡಿದವನೇ ಬೈದ.

"ಕಾಫಿಗೆ ಹಾಲು ಈಗ ತತ್ತೀಯಲ್ಲಮ್ಮ, ಆಗ್ಲಿಂದ ಕೇಳ್ತಾವ್ರೆ. ಬೇಗ ಒಳಕ್ಕೋಗು."

ಒಳಗೆ ಸೀರೆಯ ಡಬ್ಬಗಳನ್ನು ಸೂರಿನವರೆಗೆ ಒಟ್ಟಿದ ಕೋಣೆ. ನಡುವೆ ನೆಲದ ಮೇಲೆ ಇಬ್ಬರೂ ಸೊಸೆಯರು ಕಾಲು ಚಾಚಿ ಕುಳಿತಿದ್ದರು. ಒಂದೇ ಎಲೆಯಲ್ಲಿ ಚಿತ್ರಾನ್ನ. ಚಿಕ್ಕಸೊಸೆಯ ಪಾದ ದೊಡ್ಡಸೊಸೆಯ ತೊಡೆಯ ಮೇಲಿತ್ತು. ಎತ್ತರದ ಚಪ್ಪಲಿ ಕಚ್ಚಿದ ಜಾಗಕ್ಕೆ ದೊಡ್ಡಸೊಸೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು.

ಚಿಕ್ಕಮಾದಮ್ಮ ಬಾಗಿಲಲ್ಲೇ ನಿಂತಳು.

"ಕಾಫಿಗಾ ಅಮ್ಮ?" ಎಂದಳು ಕೋಮಲ.

"ಅಲ್ಲ ಕಣವ್ವ. ರಾಜಿಗೆ."

ಅವರಿಬ್ಬರಿಗೂ ಅರ್ಥವಾಗಲಿಲ್ಲ. ಚಿಕ್ಕಮಾದಮ್ಮ ಚೊಂಬನ್ನು ಮಡಿಲಲ್ಲಿಟ್ಟುಕೊಂಡು ಕೂತು, ಕೆಸರು ಹಾರಿದಲ್ಲಿಂದ ಯಜಮಾನರ ತೀರ್ಪಿನವರೆಗೆ, ಒಟ್ಲಿನ ಪೈರಿನ ವಯಸ್ಸೂ ಸೇರಿಸಿ ಹೇಳಿದಳು. ರೂಪ ತುತ್ತು ಬಾಯಿಗಿಡುವುದನ್ನು ಮರೆತಳು.

"ನಮಗೆ ಜಗಳ ಇಲ್ಲಮ್ಮ," ಎಂದಳು ಕೋಮಲ. "ಐದು ವರ್ಷದಿಂದ ಒಂದೇ ಮನೇಲಿ ಬಾಡಿಗೆಗೆ ಇದೀವಿ. ಇವಳು ಗೊರಕೆ ಹೊಡೀತಾಳೆ, ಅದೊಂದೇ."

"ಮತ್ತೆ ಆ ಏಟು?"

"ಅದು ನಿಜವಾಗಿ ಬಿತ್ತು," ಎಂದಳು ರೂಪ. "ಬಳೆ ಜಾರಿ ಕೈ ತಪ್ತು. ನಾನೇ ಅತ್ಬಿಟ್ಟೆ. ಆಮೇಲೆ ಜನ ಹಗೆ ಅಂದ್ರು, ನೋಡೋರು ಜಾಸ್ತಿಯಾದ್ರು. ಇರಲಿ ಬಿಡಿ, ಇಲ್ಲ ಅನ್ಬೇಡಿ ಅಂತ ಧಾರಾವಾಹಿಯವರೇ ನಮಗೆ ಹೇಳಿದಾರೆ."

"ಆದ್ರೂ ಕುಡೀರವ್ವ. ದೇವ್ರ ಮುಂದೆ ಇಟ್ಟ ಹಾಲು, ವಾಪಸ್ ತಕಂಡೋಗಂಗಿಲ್ಲ."

ಕೋಮಲ ಅರ್ಧ ಕುಡಿದಳು, ರೂಪ ಉಳಿದದ್ದನ್ನು ಕುಡಿದು ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. ಹೊರಗೆ ಮೈಕಿನಲ್ಲಿ ಹೆಸರು ಕೂಗಿದರು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಎದ್ದರು, ಒಬ್ಬರ ನೆರಿಗೆ ಒಬ್ಬರು ಸರಿಮಾಡಿದರು. ಪರದೆಯ ಹತ್ತಿರ ಹೋದೊಡನೆ ಒಬ್ಬಳು ಎಡಕ್ಕೆ, ಒಬ್ಬಳು ಬಲಕ್ಕೆ ಮುಖ ತಿರುಗಿಸಿಕೊಂಡು ಹೊರಗೆ ಹೋದರು. ರಸ್ತೆಯಲ್ಲಿ ದೊಡ್ಡ ಕೂಗೆದ್ದಿತು.

ಸಂಜೆ ಬಸ್ಸು ಹೊನ್ನೂರಿಗೆ ಬರುವಾಗ ಇಡೀ ಗುಂಪು ಗುಡಿಯ ಜಗಲಿಯಲ್ಲಿ ಕಾಯುತ್ತಿತ್ತು. ಈ ತುದಿಗೆ ಆರು ಜನ, ಆ ತುದಿಗೆ ಐದು, ನಡುವೆ ಚಿಕ್ಕಮಾದಪ್ಪ. ಚಿಕ್ಕಮಾದಮ್ಮ ಖಾಲಿ ಚೊಂಬನ್ನು ಕೆಳಗಿಟ್ಟು, ಕಂಡದ್ದನ್ನು ಕಂಡಂತೆ ಹೇಳಿದಳು. ಒಂದೇ ಎಲೆ, ಒಂದೇ ಮನೆ, ತೊಡೆಯ ಮೇಲಿನ ಪಾದ, ಕೊಬ್ಬರಿ ಎಣ್ಣೆ.

ಆಮೇಲೆ ಮಂಗಳ ಕೇಳಿದಳು.

"ದೊಡ್ಡಸೊಸೆ, ಅವ್ಳ ಕಾಲಿಗೆ ಎಣ್ಣೆ ಹಚ್ತಿದ್ಲಾ?"

"ಹೂಂ ಕಣವ್ವ."

"ಚಿಕ್ಕಸೊಸೆ ಅವ್ಳ ಎಂಜ್ಲು ಹಾಲು ಕುಡುದ್ಲಾ?" ಇದು ಮಹಾದೇವಮ್ಮ.

"ಕುಡುದ್ಲು."

ಮಹಾದೇವಮ್ಮ ಜಗಲಿಯ ಆ ತುದಿಯಿಂದ ಈ ತುದಿಗೆ ನೋಡಿದಳು. "ಕೇಳ್ದೇನವ್ವ ಮಂಗಳ, ಈವಮ್ಮನ ಕಥೆಯ."

ಯಜಮಾನರ ಮುಂದಿನ ವಾದ ಬಿಟ್ಟರೆ, ಹನ್ನೊಂದು ದಿನದಲ್ಲಿ ಒಂದು ಕಡೆಯವರು ಇನ್ನೊಂದು ಕಡೆಯವರಿಗೆ ಆಡಿದ ಮೊದಲ ಮಾತು ಅದು. ಮಂಗಳ ಎದ್ದು ಬಂದು ಚೊಂಬಿನೊಳಗೆ ಇಣುಕಿದಳು.

"ಅವ್ರ ಹತ್ರಕ್ಕೇ ಓಗಿಲ್ಲ ಕಣಕ್ಕ ಇವ್ಳು. ಬಸ್ಸಲ್ಲಿ ದಾವಾಗಿ ತಾನೇ ಕುಡುದ್ಬುಟ್ಟವ್ಳೆ."

"ಅದ್ನೇ ನಾನೂ ಅಂದ್ಕಂಡೆ. ತುಟಿ ನೋಡು, ಎಂಗಿದ್ದದು."

ಇಬ್ಬರೂ ಅಕ್ಕಪಕ್ಕ ನಿಂತಿದ್ದರು. ಭುಜಕ್ಕೆ ಭುಜ ತಾಗುತ್ತಿತ್ತು, ಅದು ಅವರ ಗಮನಕ್ಕೆ ಬಂದಿರಲಿಲ್ಲ. ಚಿಕ್ಕಮಾದಮ್ಮನಿಗೆ ಮಾತ್ರ ಕಂಡಿತು.

"ಮಾದಪ್ಪನ ಮುಂದೆ ಕರ್ಪೂರ ಹಚ್ಚಿ ಏಳ್ತೀಯವ್ವ, ನೀ ಕುಡೀಲಿಲ್ಲ ಅಂತ?" ಎಂದರು ಚಿಕ್ಕಮಾದಪ್ಪ.

ಹಚ್ಚಬಹುದಿತ್ತು. ಆಕೆಯ ಮಾತು ನಿಜ. ಆದರೆ ಕರ್ಪೂರ ಆರಿದ ಮೇಲೆ ಇವರು ಪುನಃ ಜಗಲಿಯ ಎರಡು ತುದಿಗೆ ಹೋದರೆ? ತನ್ನ ಸೊಸೆ ಸೋತಳೆಂದು ಒಬ್ಬಳು, ತನ್ನ ಸೊಸೆ ಕೆಟ್ಟಳೆಂದು ಒಬ್ಬಳು ಮುನಿದರೆ? ಒಟ್ಲಿನ ಪೈರು ಆಕೆಯ ಕಣ್ಣ ಮುಂದೆ ಬಂತು. ಸುಳ್ಳು ಹೇಳಿ ಆಕೆಗೆ ಅಭ್ಯಾಸವಿರಲಿಲ್ಲ.

"ತುಂಬ ಬಿಸ್ಲಿತ್ತು," ಎಂದಳು. "ಕುಡುದ್ಬುಟ್ಟೆ."

ಹನ್ನೊಂದು ಜನವೂ ಒಟ್ಟಿಗೆ ಉಸಿರುಬಿಟ್ಟರು. ಇಂಥವಳನ್ನು ನಂಬಿ ಮೋಸಹೋದೆವಲ್ಲ ಎಂದು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡರು. ಚಿಕ್ಕಮಾದಮ್ಮ ಮಾದಪ್ಪನಿಗೆ ತಪ್ಪುಕಾಣಿಕೆಯಾಗಿ ತೆಂಗಿನಕಾಯಿ ಒಡೆಯಬೇಕು, ಗುಂಪಿನವರೆಲ್ಲರಿಗೂ ಒಂದೇ ಚೊಂಬಿನಲ್ಲಿ ಹಾಲು ಕೊಡಬೇಕು ಎಂದು ತೀರ್ಪಾಯಿತು. ಕಾಯಿ ಅವಳ ಮರದ್ದೇ. ಅದನ್ನು ಒಡೆಯುವಾಗ ದೇವರಿಗಷ್ಟೇ ಕೇಳುವಂತೆ, "ನಾ ಕುಡೀಲಿಲ್ಲ ಕಣಪ್ಪ, ನಿನಗೊತ್ತು. ಶನಿವಾರ ಕಳೀಲಿ," ಎಂದಳು. ಚೊಂಬು ಮಂಗಳಳ ಕೈಯಿಂದ ಮಹಾದೇವಮ್ಮನ ಕೈಗೆ ಹೋಯಿತು, ಅಲ್ಲಿಂದ ಉಳಿದವರಿಗೆ.

ಶನಿವಾರ ಬೆಳಿಗ್ಗೆ ತೂಬಿನಲ್ಲಿ ನೀರು ಬಂತು, ಹನ್ನೊಂದು ಜನವೂ ಬಂದರು. ಅಷ್ಟು ದಿನ ಬಾಕಿಯಿದ್ದ ಬೈಗುಳ ಮನೆಯಲ್ಲಿ ಕೂತರೆ ತೀರುತ್ತದೆಯೇ? ಚಿಕ್ಕಮಾದಮ್ಮನ ಎಡಕ್ಕೆ ಮಂಗಳ, ಬಲಕ್ಕೆ ಮಹಾದೇವಮ್ಮ ಬಗ್ಗಿದರು. ಎಡದ ಕಿವಿಗೆ ಒಂದು, ಬಲದ ಕಿವಿಗೆ ಒಂದು. ದೇವರ ಹಾಲು ಕುಡಿದವಳು ಎಂದರು. ಮುಂದಾಳು ಅನ್ನಿಸಿಕೊಂಡವಳು ಎಂದರು. ಇಲ್ಲದ್ದೆಲ್ಲ ಕಂಡಿತಲ್ಲ, ಕಣ್ಣು ತೋರಿಸಿಕೊಂಡು ಬಾ ಎಂದೂ ಅಂದರು. ಆಕೆ ಹೂಂ ಹೂಂ ಎನ್ನುತ್ತ ಪೈರಿನ ಕಟ್ಟು ಬಿಚ್ಚಿ ಇಬ್ಬರ ಕೈಗೂ ಕೊಡುತ್ತಿದ್ದಳು. ಬೈಯುವ ಭರದಲ್ಲಿ ಕೈಗಳು ಎಂದಿಗಿಂತ ವೇಗವಾಗಿ ಓಡುತ್ತಿದ್ದವು.

ಮೂರು ಗಂಟೆಯ ಹೊತ್ತಿಗೆ ಗದ್ದೆಯ ಮೇಲಿನ ಬದು ಹತ್ತಿರವಾಯಿತು. ಬೈಗುಳವೂ ತೆಳುವಾಗಿತ್ತು. ಮಹಾದೇವಮ್ಮ ದನಿ ತಗ್ಗಿಸಿದಳು.

"ಅಲ್ಲ ಚಿಕ್ಕಮಾದಕ್ಕ, ದೂರದಿಂದ್ಲಾದ್ರೂ ನೋಡಿರ್ತೀಯಲ್ಲ. ಚಿಕ್ಕಸೊಸೆ ಯಾವ ಸೀರೆ ಉಟ್ಟಿದ್ಲು?"

"ಹಸುರು ಕಣವ್ವ. ಅರಿಶಿನದ ಅಂಚು."

ಮಂಗಳ ನೆಡುವುದನ್ನು ನಿಲ್ಲಿಸಿದಳು. "ನಮ್ ದೊಡ್ಡಸೊಸೆ?"

ಚಿಕ್ಕಮಾದಮ್ಮ ಯೋಚಿಸಲಿಲ್ಲ, ನಿಜವೇ ಬಾಯಿಗೆ ಬಂತು. "ಅವ್ಳೂ ಹಸುರೇ. ಅದೇ ಅಂಚು."

ಎರಡೂ ಕಡೆ ಕೈಗಳು ನಿಂತವು. ಸಾಲಿನ ಉಳಿದವರೂ ಸೊಂಟ ಎತ್ತಿದರು.

"ಯಾರು ಮೊದ್ಲು ಉಟ್ಕಂಡಿದ್ದು?" ಎಂದಳು ಮಂಗಳ. "ಯಾರು ಯಾರ್ದ ನೋಡಿ ಉಟ್ಕಂಡ್ರು?"

ಮಹಾದೇವಮ್ಮನೂ ಉತ್ತರಕ್ಕೆ ಕಾದು ನಿಂತಳು. ಅವಳ ಮುಷ್ಟಿಯಲ್ಲಿ ಪೈರಿತ್ತು, ಪೈರಿನ ಬೇರಿನಲ್ಲಿ ಒಂದು ಹಿಡಿ ಕೆಸರಿತ್ತು.

ಚಿಕ್ಕಮಾದಮ್ಮ ತಲೆ ಎತ್ತಿ ಬದುವಿನ ಕಡೆ ನೋಡಿದಳು. ಇನ್ನು ಮೂರು ಸಾಲು.

"ಇವಿಷ್ಟು ಮುಗೀಲಿ," ಎಂದಳು, "ಯಾರು ಮೊದ್ಲು ಅಂತ ಆಮೇಲೆ ಏಳ್ತೀನಿ."