ಹಾಲಿದ್ದರೆ ಕಾಫಿ
ನನ್ನ ತಂಗಿಯ ಮಗ ಪುಕ್ಕಲ. ಯಾವ ಮಾತನ್ನೂ ಪೂರ್ತಿಯಾಗಿ ಕೊಡುವವನಲ್ಲ. ವಿಮಾ ಕಚೇರಿಯಲ್ಲಿ ಷರತ್ತು ಬರೆದೂ ಬರೆದೂ ಅವನ ನಾಲಿಗೆಗೇ ಷರತ್ತು ಅಂಟಿಕೊಂಡಿದೆ. ಊಟಕ್ಕೆ ಕರೆದರೆ "ಬರ್ತೀನಿ ದೊಡ್ಡಮ್ಮ, ಏನೂ ಅಡ್ಡಿ ಬರದಿದ್ರೆ" ಎನ್ನುತ್ತಾನೆ. ತನ್ನ ನೆಗಡಿ ವಾಸಿಯಾಗಿದೆ ಎಂದು ಹೇಳುವುದಕ್ಕೂ ಹಿಂದೆಮುಂದೆ ನೋಡುತ್ತಾನೆ. ಇಂಥವನು ಮದುವೆಯ ದಿನ ಎಲ್ಲರೆದುರು ಹುಡುಗಿಗೆ ಕೊಡುವ ಮಾತುಗಳನ್ನು ತಾನೇ ಬರೆಯುತ್ತೇನೆಂದು ಹೊರಟ. ವಾರಗಟ್ಟಲೆ ನನ್ನ ಊಟದ ಮೇಜಿನ ತುಂಬ ಕಾಗದ ಹರಡಿಕೊಂಡು, "ದಿನಾ ಬೆಳಗ್ಗೆ ನಾನೇ ಕಾಫಿ ಮಾಡಿಕೊಡ್ತೀನಿ" ಎಂದು ಬರೆಯುತ್ತಿದ್ದ. ಪೆನ್ನು ಕಚ್ಚಿ ಯೋಚಿಸಿ "ಮನೇಲಿ ಹಾಲಿದ್ರೆ" ಎಂದು ಸೇರಿಸುತ್ತಿದ್ದ. "ಜಗಳ ಆದ್ರೆ ಮೊದಲು ನಾನೇ ಮಾತಾಡಿಸ್ತೀನಿ" ಎಂಬುದಕ್ಕೆ "ತಪ್ಪು ನನ್ನದಾಗಿದ್ರೆ" ಎಂಬ ಬಾಲ. ಹುಡುಗಿ ಇಣುಕಿ ನೋಡಿ, "ನನ್ನ ಮದುವೆ ಆಗ್ತಿದೀಯೋ, ನನಗೆ ಪಾಲಿಸಿ ಮಾಡಿಸ್ತಿದೀಯೋ?" ಎಂದು ನಕ್ಕಳು. ಆದರೆ ಅವಳು ಕಾಯುತ್ತಿದ್ದ ಮಾತೇ ಬೇರೆ. ಅವಳ ತಾಯಿಗೆ ಮರೆವಿನ ಕಾಯಿಲೆ. ಮದುವೆಯಾದ ಮೇಲೆ ಅಮ್ಮ ಎಲ್ಲಿರಬೇಕೆಂದು ಅವಳು ಕೇಳಿದಾಗಲೆಲ್ಲ ಇವನು "ನೋಡೋಣ" ಎಂದಿದ್ದ. ಮದುವೆಯ ದಿನ ಹಾಲಿನದನ್ನೂ ಜಗಳದ್ದನ್ನೂ ಬಾಲಸಮೇತ ಓದಿ ಎಲ್ಲರನ್ನೂ ನಗಿಸಿದ. ಕೊನೆಗೆ, "ನಿನ್ನ ಅಮ್ಮ ನಮ್ಮ ಜೊತೆಗೇ ಇರ್ತಾರೆ" ಎಂದ. ನಾನು ಬಾಲಕ್ಕಾಗಿ ಕಾದೆ. ಅವನು ಕಾಗದ ಮಡಿಸಿ ಜೇಬಿಗಿಟ್ಟ. ಮುಂದಿನ ಸಾಲಿನಲ್ಲಿದ್ದ ಆ ತಾಯಿ, "ಯಾರಪ್ಪಾ ನೀನು?" ಎಂದರು. ಅವನು ಬಂದು ಅವರ ಕುರ್ಚಿಯ ಮುಂದೆ ಮಂಡಿಯೂರಿ, "ನಿಮ್ಮ ಅಳಿಯ. ನೀವು ನಮ್ಮ ಜೊತೆಗೇ ಇರ್ತೀರಿ" ಎಂದ. ಅವರು ತಲೆಯಾಡಿಸಿ, ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದರು. ಅವನು ಎದ್ದಿರಲೇ ಇಲ್ಲ, ಮತ್ತೆ ಅದನ್ನೇ ಹೇಳಿದ.